ಹೆಚ್ಚು ಶೇರ್ ಆದ ಆಲ್ಬಂ ಎಂದರೆ ವರ್ಷದ ಅತ್ಯುತ್ತಮ ಆಲ್ಬಂ ಎಂದೇ?

ಡಿಸೆಂಬರ್ ಬಂತೆಂದರೆ ಸಾಕು, ವಾಟ್ಸಾಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂ ಸ್ಟೋರಿಗಳ ತುಂಬ ಬಣ್ಣಬಣ್ಣದ ಕಾರ್ಡುಗಳು. 'ಈ ವರ್ಷ ನಾನು ಅತಿ ಹೆಚ್ಚು ಕೇಳಿದ ಐದು ಹಾಡು', 'ನನ್ನ ನೆಚ್ಚಿನ ಹತ್ತು ಆಲ್ಬಂ' ಎಂದು ಸಂಗೀತಪ್ರಿಯರು ಹಂಚಿಕೊಳ್ಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ: 'ಈ ಆಲ್ಬಂ ಇಷ್ಟು ಕೋಟಿ ಸಲ ಪ್ಲೇ ಆಗಿದೆ. ಇದಕ್ಕಿಂತ ಒಳ್ಳೆಯದು ಈ ವರ್ಷ ಬಂದೇ ಇಲ್ಲ. ಒಪ್ಪುವವರು ಫಾರ್ವರ್ಡ್ ಮಾಡಿ.'

ಕೋಟಿಗಟ್ಟಲೆ ಜನ ಕೇಳಿದ್ದಾರೆಂದರೆ ಚೆನ್ನಾಗಿಯೇ ಇರಬೇಕಲ್ಲವೇ? ಈ ಮಾತು ಅರ್ಧ ನಿಜ. ಉಳಿದರ್ಧ ಏನು ಎಂದು ನೋಡೋಣ.

ಆ್ಯಪ್ ಎಣಿಸುವುದು ಏನನ್ನು?

ಸ್ಪಾಟಿಫೈ ಆ್ಯಪ್‌ನ ವಾರ್ಷಿಕ ಪಟ್ಟಿಯ ಹೆಸರು 'ರ‍್ಯಾಪ್ಡ್'. ಈ ಹೆಸರಿನಲ್ಲಿ ಅದು 2016ರಿಂದ ಬರುತ್ತಿದೆ. ಆಪಲ್ ಮ್ಯೂಸಿಕ್ ಮತ್ತು ಯೂಟ್ಯೂಬ್ ಮ್ಯೂಸಿಕ್ ಕೂಡ ಇಂಥದೇ ಪಟ್ಟಿ ಕೊಡುತ್ತವೆ. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಎಂದು ಲೆಕ್ಕ. ಅಷ್ಟು ಹೊತ್ತು ನೀವು ಕಣ್ಣು ಮುಚ್ಚಿ ತನ್ಮಯರಾಗಿ ಕೇಳಿದಿರೋ, ಹಾಡು ಹಾಕಿ ಅಡುಗೆಮನೆಗೆ ಹೋದಿರೋ, ಆ್ಯಪ್‌ಗೆ ತಿಳಿಯದು.

ಹಾಗಾಗಿಯೇ ಮಗುವಿಗೆ ಊಟ ಮಾಡಿಸಲು ದಿನವೂ ಹಾಕಿದ ಶಿಶುಗೀತೆ ಅಮ್ಮನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬರಬಹುದು. ರಾತ್ರಿ ನಿದ್ದೆಗೆಂದು ಹಾಕಿದ ಮಳೆಯ ಸದ್ದು ಅಪ್ಪನ ಪಟ್ಟಿ ಸೇರಬಹುದು. ವರ್ಷದಲ್ಲಿ ನಾಲ್ಕೇ ಸಲ ಕೇಳಿ, ನಾಲ್ಕು ಸಲವೂ ಕಣ್ಣು ತೇವವಾದ ಆಲ್ಬಂ ಮಾತ್ರ ಎಲ್ಲೂ ಕಾಣುವುದಿಲ್ಲ. ಇನ್ನೊಂದು ವಿಷಯ: ಈ ಪಟ್ಟಿಗಳು ವರ್ಷ ಮುಗಿಯುವ ಮೊದಲೇ ಸಿದ್ಧವಾಗುತ್ತವೆ. ಡಿಸೆಂಬರ್ ಕೊನೆಯಲ್ಲಿ ಬಂದ ಆಲ್ಬಂಗೆ ಅಲ್ಲಿ ಜಾಗವೇ ಇರುವುದಿಲ್ಲ.

ಅಂದರೆ 'ಹೆಚ್ಚು ಕೇಳಿದ್ದು' ಬೇರೆ, 'ಹೆಚ್ಚು ಇಷ್ಟಪಟ್ಟಿದ್ದು' ಬೇರೆ.

ಇವೆರಡರ ನಡುವೆ ಒಂದು ನಂಟೂ ಇದೆ. ಒಂದು ವಸ್ತು ಪದೇ ಪದೇ ಎದುರಾದಷ್ಟೂ ಅದರ ಮೇಲೆ ಒಲವು ಹೆಚ್ಚುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲೇ ತೋರಿಸಿದ್ದರು. ಮೊದಲ ಸಲ 'ಏನಪ್ಪಾ ಇದು' ಎನ್ನಿಸಿದ ಹಾಡು ಹತ್ತನೇ ಸಲಕ್ಕೆ ಬಾಯಲ್ಲಿ ಗುನುಗುತ್ತಿರುತ್ತದೆ. ನಮ್ಮ ಕಿವಿಗೆ ಹೆಚ್ಚು ಸಲ ಬಿದ್ದದ್ದಕ್ಕೆ ಸುಮ್ಮನೆ ಒಂದಿಷ್ಟು ಹೆಚ್ಚು ಅಂಕ ಸಿಕ್ಕಿಬಿಡುತ್ತದೆ.

48 ಹಾಡು, ಎಂಟು ಲೋಕ

ಬೇರೆಯವರ ಪಟ್ಟಿ ನಮ್ಮ ಆಯ್ಕೆಯನ್ನು ಎಷ್ಟು ಬದಲಿಸುತ್ತದೆ? ಇದನ್ನು ತಿಳಿಯಲು ಅಮೆರಿಕದ ಸಂಶೋಧಕರಾದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ಅವರು ಅಂತರ್ಜಾಲದಲ್ಲಿ ಇಟ್ಟರು. 14,000ಕ್ಕೂ ಹೆಚ್ಚು ಜನ ಭಾಗವಹಿಸಿದರು. ಹಾಡು ಕೇಳಿ, ಅಂಕ ಕೊಟ್ಟು, ಬೇಕೆನಿಸಿದರೆ ಡೌನ್‌ಲೋಡ್ ಮಾಡಿಕೊಳ್ಳಬಹುದಿತ್ತು. ಒಂದು ಗುಂಪಿಗೆ ಹಾಡು ಮತ್ತು ತಂಡದ ಹೆಸರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಗುಂಪು, ಅಂದರೆ ಎಂಟು ಬೇರೆ ಬೇರೆ ಲೋಕಗಳನ್ನಾಗಿ ಮಾಡಲಾಯಿತು. ಅವರಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಎಂಬ ಸಂಖ್ಯೆಯೂ ಕಾಣುತ್ತಿತ್ತು. ಎಲ್ಲ ಲೋಕದಲ್ಲೂ ಎಣಿಕೆ ಸೊನ್ನೆಯಿಂದಲೇ ಶುರು.

ಹಾಡಿನ ಗುಣವೊಂದೇ ಗೆಲುವನ್ನು ನಿರ್ಧರಿಸುವುದಾದರೆ ಎಂಟೂ ಲೋಕದಲ್ಲಿ ಒಂದೇ ಹಾಡು ಗೆಲ್ಲಬೇಕಿತ್ತು. ಹಾಗಾಗಲಿಲ್ಲ. '52ಮೆಟ್ರೋ' ಎಂಬ ತಂಡದ 'ಲಾಕ್‌ಡೌನ್' ಎಂಬ ಹಾಡು ಸಂಖ್ಯೆ ಕಾಣದ ಗುಂಪಿನ ಲೆಕ್ಕದಲ್ಲಿ 26ನೇ ಸ್ಥಾನದಲ್ಲಿತ್ತು, ಅಂದರೆ ಸಾಧಾರಣ. ಅದೇ ಹಾಡು ಒಂದು ಲೋಕದಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ಆರಂಭದಲ್ಲಿ ಬಂದ ಕೆಲವರು ಯಾವುದನ್ನು ಆರಿಸಿಕೊಂಡರೋ, ಹಿಂದೆ ಬಂದವರು ಅದರತ್ತಲೇ ಹೆಚ್ಚು ಹೊರಳಿದರು.

ಹಾಗೆಂದು ಗುಣಕ್ಕೆ ಬೆಲೆಯೇ ಇಲ್ಲ ಎಂದಲ್ಲ. ತೀರಾ ಒಳ್ಳೆಯ ಹಾಡುಗಳು ಪೂರ್ತಿ ಸೋತದ್ದು ಅಪರೂಪ. ತೀರಾ ಕಳಪೆಯವು ಗೆದ್ದದ್ದೂ ಅಪರೂಪ. ನಡುವಿನ ದೊಡ್ಡ ಗುಂಪಿನ ಹಣೆಬರಹ ಮಾತ್ರ ಯಾರು ಮೊದಲು ಕೈಯೆತ್ತಿದರು ಎಂಬುದರ ಮೇಲೆ ನಿಂತಿತ್ತು.

ಇನ್ನೊಂದು ಪ್ರಯೋಗದಲ್ಲಿ ಸಾಲ್ಗಾನಿಕ್ ಮತ್ತು ವಾಟ್ಸ್ ಪಟ್ಟಿಯನ್ನೇ ತಲೆಕೆಳಗು ಮಾಡಿದರು. ಕೊನೆಯ ಹಾಡನ್ನು ಮೊದಲನೆಯದೆಂದು ತೋರಿಸಿದರು. ಈ ಸುಳ್ಳು ಸಂಖ್ಯೆ ನೋಡಿಯೇ ಹಲವು ಹಾಡುಗಳು ನಿಜವಾಗಿಯೂ ಮೇಲೇರಿದವು. ಅತ್ಯುತ್ತಮ ಹಾಡುಗಳು ನಿಧಾನವಾಗಿ ಚೇತರಿಸಿಕೊಂಡವು. ಆದರೆ ಒಟ್ಟು ಡೌನ್‌ಲೋಡ್ ಸಂಖ್ಯೆಯೇ ಕುಸಿಯಿತು.

ಫಾರ್ವರ್ಡ್ ಮಾಡಿ ಮತ ಹಾಕಿಸಿದಾಗ

ಇದು ಪ್ರಯೋಗದ ಮಾತಾಯಿತು. ನಿಜ ಜಗತ್ತಿನಲ್ಲೂ ಇಂಥದ್ದು ನಡೆದಿದೆ. ಆಸ್ಟ್ರೇಲಿಯಾದ 'ಟ್ರಿಪಲ್ ಜೆ' ರೇಡಿಯೋ ಪ್ರತಿ ವರ್ಷ ಕೇಳುಗರ ಮತ ಪಡೆದು 'ಹಾಟೆಸ್ಟ್ 100' ಎಂಬ ಹಾಡುಗಳ ಪಟ್ಟಿ ಪ್ರಕಟಿಸುತ್ತದೆ. 2014ರ ಪಟ್ಟಿಗೆ ಮತದಾನ ನಡೆಯುವಾಗ, ಆ ಕೇಂದ್ರ ಪ್ರಸಾರವೇ ಮಾಡದಿದ್ದ ಟೇಲರ್ ಸ್ವಿಫ್ಟ್ ಅವರ 'ಶೇಕ್ ಇಟ್ ಆಫ್' ಹಾಡಿಗೆ ಮತ ಹಾಕಿ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ಶುರುವಾಯಿತು. ಕೊನೆಗೆ 2015ರ ಜನವರಿಯಲ್ಲಿ ಕೇಂದ್ರವು ಆ ಹಾಡನ್ನು ಸ್ಪರ್ಧೆಯಿಂದಲೇ ಕೈಬಿಟ್ಟಿತು. ಅದು ಕೆಟ್ಟ ಹಾಡೆಂದಲ್ಲ. ಮತಗಳ ಸಂಖ್ಯೆ ಕೇಳುಗರ ಮೆಚ್ಚುಗೆಗಿಂತ ಅಭಿಯಾನದ ಬಲವನ್ನೇ ಹೇಳುತ್ತಿದೆ ಎಂಬ ಸಂಶಯ ಬಂದುಬಿಟ್ಟಿತ್ತು.

ಹಾಗಾದರೆ ಪಟ್ಟಿ ಹಂಚಿಕೊಳ್ಳಬಾರದೇ?

ಧಾರಾಳವಾಗಿ ಹಂಚಿಕೊಳ್ಳಿ. ಮೇಲಿನ ಪ್ರಯೋಗದ ಇನ್ನೊಂದು ಮುಖ ನೋಡಿ: ಮೊದಲು ಕೈಯೆತ್ತಿದ ನಾಲ್ಕಾರು ಜನರಿಂದಲೇ ಒಂದು ಹಾಡಿನ ಭವಿಷ್ಯ ಬದಲಾಗುತ್ತದೆ. ಈಗಾಗಲೇ ಕೋಟಿ ದಾಟಿದ ಆಲ್ಬಂಗೆ ನಿಮ್ಮ ಒಂದು ಶೇರ್ ಲೆಕ್ಕಕ್ಕಿಲ್ಲ. ಆದರೆ ಸ್ವಂತ ಹಣ ಹಾಕಿ ಹಾಡು ಮಾಡಿದ, ಇನ್ನೂರು ಜನರನ್ನೂ ತಲುಪದ ಗಾಯಕಿಗೆ ಅದು ದೊಡ್ಡದು. ಹಂಚುವ ಮೊದಲು ಇಷ್ಟು ಮಾಡಿದರೆ ಒಳ್ಳೆಯದು:

• ಇದು ಆ್ಯಪ್ ಎಣಿಸಿದ ಪಟ್ಟಿಯೋ, ನೀವೇ ಕೂತು ಆರಿಸಿದ್ದೋ, ಹೇಳಿ.

• ಪೂರ್ತಿ ಕೇಳದ ಆಲ್ಬಂ ಅನ್ನು 'ವರ್ಷದ ಅತ್ಯುತ್ತಮ' ಎಂದು ಫಾರ್ವರ್ಡ್ ಮಾಡಬೇಡಿ.

• ಯಾಕೆ ಇಷ್ಟವಾಯಿತು ಎಂದು ಒಂದು ಸಾಲು ಬರೆಯಿರಿ. ಸಂಖ್ಯೆಗಿಂತ ಆ ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

• ಹತ್ತರಲ್ಲಿ ಒಂದಾದರೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ಆಲ್ಬಂ ಇರಲಿ.

• 'ನಿಮ್ಮ ವರ್ಷದ ಹಾಡುಗಳನ್ನು ನೋಡಲು ಇಲ್ಲಿ ಒತ್ತಿ' ಎಂಬ ಲಿಂಕ್ ಬಂದರೆ ಒತ್ತಬೇಡಿ. ನಿಮ್ಮ ಪಟ್ಟಿ ನಿಮ್ಮ ಆ್ಯಪ್ ಒಳಗೇ ಸಿಗುತ್ತದೆ. ಅದಕ್ಕಾಗಿ ಒಟಿಪಿ ಕೊಡುವ ಅಥವಾ ಎಪಿಕೆ ಫೈಲ್ ಇಳಿಸಿಕೊಳ್ಳುವ ಅಗತ್ಯವಿಲ್ಲ.

ಒಟ್ಟಿನಲ್ಲಿ, ಹೆಚ್ಚು ಶೇರ್ ಆದ ಆಲ್ಬಂ ಒಳ್ಳೆಯದೇ ಇರಬಹುದು. ಆದರೆ ಶೇರ್ ಆಗಿದೆ ಎಂಬುದೇ ಅದಕ್ಕೆ ಪುರಾವೆಯಲ್ಲ. ಮುಂದಿನ ಸಲ ಇಂಥ ಪಟ್ಟಿ ಬಂದಾಗ ಕೆಳಗಿನಿಂದ ಒಂದು ಹೆಸರು ಆರಿಸಿ, ಒಮ್ಮೆ ಕೇಳಿ ನೋಡಿ. ಇಷ್ಟವಾದರೆ, ಕಳಿಸಿದವರಿಗೂ ಹಾಗೆಂದು ಒಂದು ಮಾತು ತಿಳಿಸಿ.