ಹೊರೆ ಹೊರುವುದು ಗಾಳಿ

ಬರುವ ಜೂನ್ ತಿಂಗಳಿನಲ್ಲಿ ತಮ್ಮ ಫೋರ್ ವೀಲ್ ಡ್ರೈವ್ ವಾಹನವನ್ನೇರಿ ಬೆಂಗಳೂರಿನಿಂದ ಹೊರಟು, ಹೈದರಾಬಾದು, ನಾಗಪುರ, ಆಗ್ರಾಗಳ ಮಾರ್ಗವಾಗಿ ಮನಾಲಿಯನ್ನು ಸೇರಿ, ಅಲ್ಲಿಂದ ಸ್ಪಿತಿಯ ಕಣಿವೆಯನ್ನೂ ಲಡಾಖಿನ ಎತ್ತರದ ಬಯಲುಗಳನ್ನೂ ಕಂಡುಬರಬೇಕೆಂದು ಸಂಕಲ್ಪಿಸಿರುವ ಓದುಗರೊಬ್ಬರು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಈಗಿರುವ ಟೈರುಗಳು ಸವೆದಿವೆ. ದಪ್ಪ ದಪ್ಪ ಬಟನ್ನುಗಳಿರುವ ‘ಮಡ್ ಟೆರೇನ್’ ಟೈರನ್ನೇ ಹಾಕಿಸಿಕೊಳ್ಳಿರೆಂದು ಅಂಗಡಿಯವರು ಒತ್ತಾಯಿಸುತ್ತಾರೆ. ಜೊತೆಗೆ ಬರಲಿರುವ ಭಾವಮೈದುನರು ಹೆದ್ದಾರಿಯ ಸಾಧಾರಣ ಟೈರೇ ಸಾಕೆನ್ನುತ್ತಾರೆ. ಯಾರ ಮಾತನ್ನು ನಂಬಲಿ? ಇದು ಅಂಗಡಿಯ ಕಟ್ಟೆಯ ಮೇಲೆಯೇ ತೀರುವ ವ್ಯವಹಾರವೆಂದು ಮೇಲುನೋಟಕ್ಕೆ ತೋರಬಹುದಾದರೂ, ಇದರ ಉತ್ತರವು ಪದಾರ್ಥವಿಜ್ಞಾನದ ಕೆಲವು ಮನೋಹರವಾದ ಸಂಗತಿಗಳನ್ನು ಆಶ್ರಯಿಸಿಕೊಂಡಿದೆಯಾದ್ದರಿಂದ ಸ್ವಲ್ಪ ನಿಧಾನವಾಗಿಯೇ ವಿಚಾರಿಸೋಣ.

ವಾಹನದ ಭಾರವನ್ನು ಹೊತ್ತು ನಡೆಯುವುದು ರಬ್ಬರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಆ ಹೊರೆಯ ಬಹುಪಾಲನ್ನು ಹೊರುವುದು ರಬ್ಬರಿನೊಳಗೆ ಸೆರೆಯಾಗಿರುವ ಗಾಳಿ; ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಜನರೂ ಸಾಮಾನೂ ಸೇರಿ ವಾಹನವು 2,400 ಕಿಲೋಗ್ರಾಂ ತೂಗುತ್ತದೆಂದಿಟ್ಟುಕೊಂಡರೆ ಒಂದೊಂದು ಗಾಲಿಯ ಪಾಲಿಗೆ 600 ಕಿಲೋಗ್ರಾಂ ಬರುತ್ತದೆ. ಚದರ ಅಂಗುಲಕ್ಕೆ 35 ಪೌಂಡಿನಂತೆ ಗಾಳಿ ತುಂಬಿಸಿದರೆ ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋಗ್ರಾಂ ಒತ್ತಡವಾಯಿತು. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ವಿಸ್ತಾರ ದೊರೆಯುತ್ತದೆ: ಸುಮಾರು 245 ಚದರ ಸೆಂಟಿಮೀಟರು, ಎಂದರೆ ಎರಡು ಅಂಚೆ ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಷ್ಟು. ಅಂಥ ನಾಲ್ಕು ಜೊತೆ ಕಾರ್ಡುಗಳ ಮೇಲೆ ನಿಂತು ಒಂದು ಸಂಸಾರವು ಹಿಮಾಲಯವನ್ನು ಹತ್ತಿ ಇಳಿಯುತ್ತದೆಂಬುದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ವಿಸ್ಮಯವಾಗುತ್ತದೆ.

ಗಾಳಿಯ ಮೇಲೆ ಗಾಡಿಯನ್ನು ನಡೆಸಬಹುದೆಂಬ ಆಲೋಚನೆ ಮೊಟ್ಟಮೊದಲು ಹೊಳೆದದ್ದು ಡನ್ಲಪ್ ಮಹಾಶಯನಿಗೆಂದು ನಮ್ಮಲ್ಲಿ ಅನೇಕರು ಓದಿದ್ದೇವೆ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ತೊಡಿಸಿ, 1888ರಲ್ಲಿ ಪೇಟೆಂಟು ಪಡೆದದ್ದು ನಿಜ. ಆದರೆ ಅದಕ್ಕೆ 43 ವರ್ಷ ಮುಂಚೆ, 1845ರಲ್ಲಿಯೇ, ಇಪ್ಪತ್ತಮೂರರ ಪ್ರಾಯದ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ತರುಣನು ಅದೇ ತತ್ತ್ವಕ್ಕೆ ಪೇಟೆಂಟು ಪಡೆದು, ರಬ್ಬರು ಬಳಿದ ಬಟ್ಟೆಯ ಕೊಳವೆಗೆ ಚರ್ಮದ ಹೊದಿಕೆಯನ್ನು ತೊಡಿಸಿ, ಲಂಡನ್ನಿನಲ್ಲಿ ಕುದುರೆಗಾಡಿಗಳಿಗೆ ಕಟ್ಟಿ ಓಡಿಸಿ ತೋರಿಸಿದ್ದನು. ಮೋಟಾರೂ ಇಲ್ಲದ, ಸೈಕಲ್ಲೂ ಬಳಕೆಗೆ ಬಾರದ ಆ ಕಾಲದಲ್ಲಿ ಅದು ಯಾರಿಗೂ ಬೇಕಾಗಲಿಲ್ಲ. ಲೋಕವು ಅವನನ್ನು ಮರೆತುಬಿಟ್ಟಿತು. ಥಾಮ್ಸನ್ನನ ಹಳೆಯ ದಾಖಲೆ ಹೊರಬಿದ್ದ ಮೇಲೆ ಡನ್ಲಪ್ಪನ ಪೇಟೆಂಟು ಅಸಿಂಧುವಾಯಿತು. ಆದರೂ ಹೆಸರು ಮಾತ್ರ ಡನ್ಲಪ್ಪನದೇ ಉಳಿಯಿತು.

ಗಾಳಿಯ ಗಾಲಿಗೂ ಕಬ್ಬಿಣದ ಪಟ್ಟಿ ತೊಟ್ಟ ಗಾಲಿಗೂ ಇರುವ ಅಂತರವನ್ನು ಅರಿಯಬೇಕೆಂದರೆ ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಒಂದು ಗಳಿಗೆ ನಿಂತು ನೋಡಿದರೆ ಸಾಕು. ರೈತನು ಕೆಸರಿಗೆ ಇಳಿಯುವ ಮುನ್ನ ಮೆಟ್ಟನ್ನು ಬದುವಿನ ಮೇಲೆಯೇ ಬಿಡುತ್ತಾನೆ. ಬರಿಗಾಲು ನೆಲವನ್ನು ಮುಟ್ಟಿದೊಡನೆ ಪಾದವು ಹರಡುತ್ತದೆ, ಬೆರಳುಗಳು ಅಗಲುತ್ತವೆ, ಅಂಗಾಲು ನೆಲದ ಉಬ್ಬುತಗ್ಗುಗಳಿಗೆ ತಕ್ಕಂತೆ ತನ್ನ ಆಕಾರವನ್ನೇ ಬದಲಾಯಿಸಿಕೊಳ್ಳುತ್ತದೆ. ಅದೇ ಗದ್ದೆಯಲ್ಲಿ ಹೇರು ತುಂಬಿದ ಎತ್ತಿನ ಗಾಡಿಯ ಚಕ್ರವು ಗುಂಭದವರೆಗೆ ಹೂತುಹೋಗುತ್ತದೆ, ಏಕೆಂದರೆ ಕಬ್ಬಿಣಕ್ಕೆ ನೆಲವನ್ನು ಸೀಳುವುದು ಬರುತ್ತದೆಯೇ ಹೊರತು ನೆಲಕ್ಕೆ ಒಲಿಯುವುದು ಬಾರದು. ಗಾಳಿಯ ಟೈರು ಈ ಬರಿಗಾಲಿನ ಗುಣವನ್ನು ಪಡೆದುಕೊಂಡ ಚಕ್ರ. ಎಷ್ಟು ಹರಡಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವೂ ಓಡಿಸುವವನ ಕೈಯಲ್ಲಿಯೇ ಇರುತ್ತದೆ. 35 ಪೌಂಡಿದ್ದ ಗಾಳಿಯನ್ನು 18ಕ್ಕೆ ಇಳಿಸಿದರೆ, ಮೇಲಿನ ಲೆಕ್ಕದ ಪ್ರಕಾರ, ನೆಲ ಮುಟ್ಟುವ ವಿಸ್ತಾರವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಹಾಗೆ ಹಿಗ್ಗುವಾಗ ಅದು ಅಗಲಕ್ಕಿಂತ ಉದ್ದದ ಕಡೆಗೇ ಹೆಚ್ಚಾಗಿ ಬೆಳೆಯುತ್ತದೆ. ಅದೇ ಟೈರು, ಅದೇ ವಾಹನ. ಕಾಸು ಖರ್ಚಿಲ್ಲದೆ, ಐದು ನಿಮಿಷಗಳ ಕೆಲಸದಿಂದ, ಪಾದವು ಮಾತ್ರ ಬೇರೆಯದಾಗುತ್ತದೆ.

ಈ ಸತ್ಯವನ್ನು ಪರಾಕಾಷ್ಠೆಗೆ ಮುಟ್ಟಿಸಿದವನು ರಾಲ್ಫ್ ಬ್ಯಾಗ್ನಲ್ಡ್ ಎಂಬ ಆಂಗ್ಲ ಸೇನಾಧಿಕಾರಿ. ಈಜಿಪ್ಟಿನಲ್ಲಿ ಉದ್ಯೋಗದಲ್ಲಿದ್ದ ಅವನು 1920ರ ದಶಕದ ಉತ್ತರಾರ್ಧದಿಂದ ಮೊದಲ್ಗೊಂಡು, ರಜೆಯ ದಿನಗಳಲ್ಲಿ ಮಿತ್ರರೊಡನೆ ಸಾಧಾರಣವಾದ ಫೋರ್ಡ್ ಕಾರುಗಳನ್ನೇರಿ ಲಿಬಿಯಾದ ಮರುಭೂಮಿಯನ್ನು ಹೊಕ್ಕನು. ಒಂಟೆಗಳಿಗೂ ದುರ್ಗಮವಾಗಿದ್ದ ಮರಳುದಿಣ್ಣೆಗಳನ್ನು ಆ ಗುಂಪು ದಾಟಿದ್ದು ವಿಶೇಷವಾದ ಎಂಜಿನ್ನಿನ ಬಲದಿಂದಲ್ಲ. ಬೇಡದ ಭಾರವನ್ನೆಲ್ಲ ಕಳಚಿಹಾಕಿ, ಟೈರುಗಳ ಗಾಳಿಯನ್ನು ತಗ್ಗಿಸಿ, ಮರಳಿನ ಮೇಲ್ಪದರವು ಎಲ್ಲಿ ಗಟ್ಟಿ ಎಲ್ಲಿ ಸಡಿಲ ಎಂಬುದನ್ನು ಕಣ್ಣಿನಿಂದಲೇ ಗುರುತಿಸುವ ಅಭ್ಯಾಸವನ್ನು ಅವರು ಸಾಧಿಸಿದ್ದರು. ಹೂತಾಗ ಚಕ್ರದ ಕೆಳಗೆ ಉಕ್ಕಿನ ತಗಡುಗಳನ್ನಿಟ್ಟು ಮೇಲೆಬ್ಬಿಸುತ್ತಿದ್ದರು. ಮರಳೇಕೆ ಹೀಗೆ ವರ್ತಿಸುತ್ತದೆಂಬ ಕುತೂಹಲವು ಬ್ಯಾಗ್ನಲ್ಡನನ್ನು ಸೈನ್ಯದಿಂದ ಪ್ರಯೋಗಶಾಲೆಗೆ ಎಳೆದುತಂದಿತು. ಗಾಳಿ ಬೀಸುವ ಸುರಂಗವೊಂದನ್ನು ತಾನೇ ನಿರ್ಮಿಸಿ ಮರಳಿನ ಕಣಗಳ ನೆಗೆತವನ್ನು ಅಳೆದು, 1941ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಇಂದಿಗೂ ಆ ಶಾಸ್ತ್ರಕ್ಕೆ ಆಧಾರವಾಗಿದೆ. ಮಂಗಳಗ್ರಹದ ಮೇಲಿನ ಮರಳುದಿಣ್ಣೆಗಳ ಸಾಲೊಂದಕ್ಕೆ ಅವನ ಹೆಸರನ್ನಿಟ್ಟಿದ್ದಾರೆ. ಆ ದಿಣ್ಣೆಗಳನ್ನು ಪರೀಕ್ಷಿಸಲು ಹೋದ ‘ಕ್ಯೂರಿಯಾಸಿಟಿ’ ಬಂಡಿಯ ಚಕ್ರಗಳಲ್ಲಿ ಗಾಳಿಯಿಲ್ಲ. ತೆಳುವಾದ ಅಲ್ಯೂಮಿನಿಯಮ್ಮಿನ ಆ ಚಕ್ರಗಳು ಮೊನಚು ಕಲ್ಲುಗಳಿಗೆ ಸಿಕ್ಕಿ ಅಲ್ಲಲ್ಲಿ ಹರಿದುಹೋದುದನ್ನು ಚಿತ್ರಗಳಲ್ಲಿ ಕಾಣಬಹುದು. ನೆಲಕ್ಕೆ ಬಾಗಲಾರದ ಚಕ್ರವನ್ನು ಕಲ್ಲು ಎಲ್ಲಿಯೂ ಬಿಡುವುದಿಲ್ಲ.

ಹಾಗಾದರೆ ಗಾಳಿಯನ್ನು ಯಾವಾಗಲೂ ಕಡಮೆಯೇ ಇಡಬಾರದೇಕೆ? ಇಲ್ಲಿಯೇ ರಬ್ಬರಿನ ಸ್ವಭಾವವು ಅಡ್ಡಬರುತ್ತದೆ. ಬೇಸಗೆಯಲ್ಲಿ ಅಂಟಾಗಿ ಕರಗಿ, ಚಳಿಗಾಲದಲ್ಲಿ ಕಲ್ಲಾಗಿ ಬಿರುಕುಬಿಡುತ್ತಿದ್ದ ಮರದ ಹಾಲಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಸ್ಥಿರವಾಗುತ್ತದೆಂಬುದನ್ನು 1839ರಲ್ಲಿ ಕಂಡುಕೊಂಡ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಸಾಲಗಾರರ ಕಾಟದಲ್ಲಿಯೇ ಬಾಳಿ, 1860ರಲ್ಲಿ ಸಾಲದಲ್ಲಿಯೇ ಸತ್ತನು. ಅವನ ಹೆಸರಿನ ಕಂಪನಿ ಹುಟ್ಟಿದ್ದು ಅವನು ತೀರಿದ 38 ವರ್ಷಗಳ ತರುವಾಯ, ಅವನ ಸಂಸಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅವನು ಸ್ಥಿರಗೊಳಿಸಿದ ರಬ್ಬರಿನಲ್ಲಿಯೂ ಒಂದು ಗುಣ ಉಳಿದೇ ಉಳಿಯಿತು. ಎದೆಯೆತ್ತರದಿಂದ ಕೈಬಿಟ್ಟ ರಬ್ಬರ್ ಚೆಂಡು ಮತ್ತೆ ಎದೆಯೆತ್ತರಕ್ಕೆ ಪುಟಿಯುವುದಿಲ್ಲ. ಕೊಟ್ಟ ಶಕ್ತಿಯಲ್ಲಿ ಒಂದಂಶವನ್ನು ರಬ್ಬರು ಇಟ್ಟುಕೊಂಡು ಶಾಖವಾಗಿ ಮಾರ್ಪಡಿಸುತ್ತದೆ. ಒದ್ದೆ ನೆಲವನ್ನು ಟೈರು ಕಚ್ಚಿ ಹಿಡಿಯುವುದಕ್ಕೆ ಈ ಗುಣವೇ ಕಾರಣವೆಂಬುದು ದಿಟ. ಆದರೆ ಹೆದ್ದಾರಿಯಲ್ಲಿ ಅದೇ ಶತ್ರುವಾಗುತ್ತದೆ. ಒಂದು ಸುತ್ತಿಗೆ 2.4 ಮೀಟರು ಉರುಳುವ ಗಾಲಿಯು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಬಾರಿಗೂ ಮೀರಿ ತಿರುಗುತ್ತದೆ, ಪ್ರತಿಯೊಂದು ಸುತ್ತಿನಲ್ಲಿಯೂ ಅದರ ಪಕ್ಕೆ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗುತ್ತದೆ. ಬೆಂಗಳೂರಿನಿಂದ ಲೇಹ್ ತಲಪುವ ಮೂರು ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳಲ್ಲಿ ಹೀಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಬಾರಿ! ಗಾಳಿ ಕಡಮೆಯಿದ್ದಷ್ಟೂ ಬಾಗುವಿಕೆ ಹೆಚ್ಚು, ಬಾಗಿದಷ್ಟೂ ಶಾಖ ಹೆಚ್ಚು. ನಾಗಪುರದ ಬಿಸಿಲಿನಲ್ಲಿ ಕಾದ ಟಾರಿನ ಮೇಲೆ, 18 ಪೌಂಡಿನ ಟೈರಿನಲ್ಲಿ ವೇಗವಾಗಿ ಸಾಗುವವರು ಟೈರು ಸಿಡಿಯುವುದನ್ನು ತಾವಾಗಿಯೇ ಆಹ್ವಾನಿಸಿದಂತೆ.

ಈಗ ಅಂಗಡಿಯವರ ಮಡ್ ಟೆರೇನ್ ಟೈರಿನ ವಿಚಾರ. ಅದರ ಎತ್ತರದ ಬಟನ್ನುಗಳೂ ನಡುನಡುವೆ ಬಿಟ್ಟಿರುವ ಅಗಲವಾದ ತೆರಪುಗಳೂ ಅಂದಕ್ಕಾಗಿ ಮಾಡಿದವಲ್ಲ. ಆಷಾಢದ ಮಳೆಯಲ್ಲಿ ಮೂಡಿಗೆರೆಯ ಕಾಫಿ ತೋಟದ ಇಳಿಜಾರಿನಲ್ಲಿ, ಎಲ್ಲಿ ಜೀಪಿನ ಗಾಲಿಗಳಿಗೆ ಸರಪಳಿ ಬಿಗಿದು ಓಡಿಸುವ ವಾಡಿಕೆಯಿದೆಯೋ ಅಲ್ಲಿ, ಜಿಗುಟು ಕೆಂಪುಮಣ್ಣನ್ನು ಕಚ್ಚಿ, ಮರುಸುತ್ತಿನಲ್ಲಿ ಹೊರಕ್ಕೆಸೆಯುವುದಕ್ಕೆ ಅಂತಹ ತೆರಪುಗಳೇ ಬೇಕು. ಅಲ್ಲಿಯವರು ಕೇಳಿದ್ದರೆ ನಾನು ಅಂಗಡಿಯವರ ಪಕ್ಷವನ್ನೇ ವಹಿಸುತ್ತಿದ್ದೆ. ಆದರೆ ಗ್ರಾಂಫೂವಿನಿಂದ ಬಾತಲ್ ಕಡೆಗೆ ಸಾಗುವ ಸ್ಪಿತಿಯ ದಾರಿಯಲ್ಲಿ ಎದುರಾಗುವುದು ಬಹುಮಟ್ಟಿಗೆ ಉರುಳುಗಲ್ಲು ಮತ್ತು ಹಿಮ ಕರಗಿ ಹರಿಯುವ ತೊರೆಗಳು. ಕೆಸರಿನ ಪಾಲು ಅಲ್ಪ. ಹೋಗಿಬರುವ ಆರು ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳಲ್ಲಿ ಟಾರಿಲ್ಲದ ನೆಲವು ಕೆಲವು ನೂರು ಕಿಲೋಮೀಟರು ಮಾತ್ರ. ಉಳಿದ ದೂರವೆಲ್ಲ ಆ ಬಟನ್ನುಗಳು ಟಾರಿನ ಮೇಲೆ ಒಂದೊಂದಾಗಿ ಬಡಿಯುತ್ತ, ಬಾಗುತ್ತ, ಕಾಯುತ್ತ, ಬೇಗನೆ ಸವೆಯುತ್ತ, ಡೀಸೆಲ್ಲನ್ನು ಹೆಚ್ಚಾಗಿ ಕುಡಿಯುತ್ತ ಹೋಗುತ್ತವೆ. ಅದಕ್ಕಿಂತ ಗಂಭೀರವಾದ ದೋಷವೆಂದರೆ, ನೆಲವನ್ನು ಮುಟ್ಟುವ ರಬ್ಬರಿನ ಪಾಲು ಕಡಮೆಯಾಗಿ, ನೀರಿನ ಪೊರೆಯನ್ನು ಒರೆಸುವ ಸಣ್ಣ ಸೀಳುಗಳೂ ವಿರಳವಾಗಿರುವುದರಿಂದ, ಮೊದಲ ಮಳೆಗೆ ನೆನೆದ ಹೆದ್ದಾರಿಯಲ್ಲಿ ಬ್ರೇಕು ಒತ್ತಿದಾಗ ಅಂಥ ವಾಹನವು ನಿಲ್ಲುವುದಕ್ಕೆ ಹೆಚ್ಚು ದೂರವನ್ನು ತೆಗೆದುಕೊಳ್ಳುತ್ತದೆ. ಜಾಹೀರಾತಿನ ಚಿತ್ರಗಳಲ್ಲಿ ಕೆಸರು ಚಿಮ್ಮಿಸುವ ಟೈರು ವೀರನಂತೆ ಕಾಣುತ್ತದೆ. ಆದರೆ ಪ್ರಯಾಣಿಕನ ಪ್ರಾಣವನ್ನು ಉಳಿಸುವ ಸಂದರ್ಭಗಳು ಬಹುಮಟ್ಟಿಗೆ ಒದ್ದೆ ಟಾರಿನ ಮೇಲೆಯೇ ಒದಗುತ್ತವೆ.

ಭಾವಮೈದುನರ ಮಾತಿನಲ್ಲಿಯೂ ಒಂದು ಕೊರತೆಯಿದೆ. 1946ರಲ್ಲಿ ಮಿಶೆಲಿನ್ ಕಂಪನಿಯು ಪೇಟೆಂಟು ಪಡೆದ, ಇಂದು ಬಳಕೆಯಲ್ಲಿರುವ ರೇಡಿಯಲ್ ರಚನೆಯಲ್ಲಿ ದಾರಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾಯುತ್ತವೆ, ನೆಲ ಮುಟ್ಟುವ ಭಾಗದಲ್ಲಿ ಮಾತ್ರ ಉಕ್ಕಿನ ಪಟ್ಟಿ ಇರುತ್ತದೆ; ಆದಕಾರಣ ಪಕ್ಕೆಯು ಸುಲಭವಾಗಿ ಬಾಗುತ್ತದೆ, ಅಂತೆಯೇ ಅದು ಕಲ್ಲಿನ ಮೊನೆಗೆ ಬೇಗನೆ ಸೀಳುತ್ತದೆ. ಹೆದ್ದಾರಿಯ ಟೈರಿನ ತೆಳುವಾದ ಪಕ್ಕೆ ಹರಿದರೆ ಪಂಕ್ಚರ್ ಅಂಗಡಿಯವನೂ ಏನೂ ಮಾಡಲಾರನು. ಇವೆರಡರ ನಡುವಿನ ‘ಆಲ್ ಟೆರೇನ್’ ಟೈರಿನಲ್ಲಿ ಬಟನ್ನುಗಳು ಒತ್ತಾಗಿ, ಸೀಳುಗಳಿಂದ ಕೂಡಿರುತ್ತವೆ. ಅದರಲ್ಲಿಯೂ ಪಕ್ಕೆಯನ್ನು ಹೆಚ್ಚು ಪದರಗಳಿಂದ ಬಲಪಡಿಸಿದ ನಮೂನೆಗಳು ದೊರೆಯುತ್ತವೆ.

ಎತ್ತರಕ್ಕೆ ಏರಿದಂತೆ ಗಾಳಿಯನ್ನು ಬಿಡಬೇಕೆ ಎಂದೂ ಆ ಓದುಗರು ಕೇಳಿದ್ದಾರೆ. ಬೆಂಗಳೂರಿನಲ್ಲಿ ವಾಯುಮಂಡಲದ ಒತ್ತಡವು ಸುಮಾರು 13 ಪೌಂಡು. 5,359 ಮೀಟರು ಎತ್ತರದ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಏಳೂವರೆ ಮಾತ್ರ. ಹೊರಗಿನ ಒತ್ತು ತಗ್ಗಿದ್ದರಿಂದ, ಇಲ್ಲಿ 35 ತೋರಿಸಿದ ಮಾಪಕವು ಅಲ್ಲಿ 40ಕ್ಕೂ ಮೇಲೆ ತೋರಿಸಬೇಕಷ್ಟೆ? ಆದರೆ ಇಲ್ಲಿ 30 ಡಿಗ್ರಿಯಿದ್ದ ಗಾಳಿ ಅಲ್ಲಿ 5 ಡಿಗ್ರಿಗೆ ಇಳಿದಿರುತ್ತದೆ, ತಣಿದ ಗಾಳಿಯು ಕುಗ್ಗುತ್ತದೆ; ಎರಡನ್ನೂ ಕೂಡಿಸಿ ಲೆಕ್ಕ ಮಾಡಿದರೆ ಉತ್ತರವು 36 ಅಥವಾ 37ಕ್ಕೆ ಬಂದು ನಿಲ್ಲುತ್ತದೆ. ಎತ್ತರವು ಕೊಟ್ಟುದನ್ನು ಶೀತವು ಹಿಂದಕ್ಕೆ ಪಡೆಯುತ್ತದೆ. ಎತ್ತರಕ್ಕಾಗಿ ಗಾಳಿ ಬಿಡುವ ಅಗತ್ಯವಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ವಾಹನದ ಕಂಪನಿಯು ವಿಧಿಸಿದ ಅಳತೆಯಲ್ಲಿಯೇ, ಬಲವಾದ ಪಕ್ಕೆಯ ಆಲ್ ಟೆರೇನ್ ಟೈರನ್ನು ಕೊಳ್ಳಿರಿ. ಪಕ್ಕೆಯ ಮೇಲಿನ 265/65 ಆರ್ 17 ಎಂಬಂತಹ ಅಳತೆಯ ಮುಂದೆ 112 ಎಂದಿದ್ದರೆ ಆ ಟೈರು 1,120 ಕಿಲೋಗ್ರಾಂ ಹೊರಬಲ್ಲದು; ಕೊನೆಯ ಅಕ್ಷರ ಕ್ಯೂ ಆದರೆ 160, ಎಸ್ ಆದರೆ 180 ಕಿಲೋಮೀಟರು ಅದರ ವೇಗದ ಮಿತಿ. ನಾಲ್ಕಂಕಿಯ ಮುದ್ರೆಯಲ್ಲಿ 2325 ಎಂದಿದ್ದರೆ ಅದು 2025ರ 23ನೆಯ ವಾರದಲ್ಲಿ ತಯಾರಾದುದು; ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಟೈರನ್ನು ಒಪ್ಪಬೇಡಿರಿ. ಮಡ್ ಟೆರೇನಿಗೆ ತೆರಬೇಕಾಗಿದ್ದ ಹೆಚ್ಚಿನ ಹಣದಲ್ಲಿ ಒಂದು ಒಳ್ಳೆಯ ಮಾಪಕವನ್ನೂ, ವಾಹನದ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪನ್ನೂ ಕೊಂಡುಕೊಳ್ಳಿರಿ. ಕಲ್ಲಿನ ದಾರಿಯಲ್ಲಿ 25ರ ಆಸುಪಾಸಿಗೆ, ಮರಳು ಎದುರಾದರೆ ಇನ್ನೂ ಕೆಳಗೆ ಇಳಿಸಿ, ಮೆಲ್ಲಗೆ ಸಾಗಿರಿ. ಟಾರು ಮತ್ತೆ ಸಿಕ್ಕಿದೊಡನೆ, ವೇಗ ಹೆಚ್ಚಿಸುವ ಮೊದಲು, ನಾಲ್ಕು ಗಾಲಿಗಳಿಗೂ ಗಾಳಿ ತುಂಬಿರಿ. ಹೊರಡುವ ಹಿಂದಿನ ಸಂಜೆ ಸ್ಟೆಪ್ನಿಯ ಗಾಳಿಯನ್ನೂ ಮರೆಯದೆ ಅಳೆದುನೋಡಿರಿ.