ಒಂಬತ್ತು ಹದಿನಾರರ ಗುಟ್ಟು

ಪ್ರಶ್ನೆ: ಚಿನ್ನದಂಗಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ವಾರವಾಯಿತು. ಎಲ್ಲರೂ ‘ಒಂಬತ್ತು ಹದಿನಾರು’ ಅನ್ನುತ್ತಾರೆ. ಕೇಳಲು ನಾಚಿಕೆ. ಏನದು?

ಉತ್ತರ: ನಾಚಿಕೆ ಬೇಡ. ಎಷ್ಟೋ ವರ್ಷದಿಂದ ಒಡವೆ ಕೊಳ್ಳುತ್ತಿರುವವರಿಗೂ ಇದು ಗೊತ್ತಿರುವುದಿಲ್ಲ. ಅಪ್ಪಟ ಚಿನ್ನವನ್ನು 24 ಪಾಲೆಂದು ಲೆಕ್ಕ ಹಿಡಿದರೆ, 22 ಕ್ಯಾರೆಟ್ ಒಡವೆಯಲ್ಲಿ 22 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. 22ನ್ನು 24ರಿಂದ ಭಾಗಿಸಿ ನೋಡಿ: ಸಾವಿರಕ್ಕೆ ಸುಮಾರು 916 ಪಾಲು. ಅದೇ ‘ಒಂಬತ್ತು ಹದಿನಾರು’. ಅಪ್ಪಟ ಚಿನ್ನ ಬಲು ಮೆತ್ತಗೆ; ಅದರಲ್ಲೇ ಬಳೆ ಮಾಡಿದರೆ ಸುಲಭವಾಗಿ ಸೊಟ್ಟಗಾಗುತ್ತದೆ. ಹರಳು ಕೂರಿಸುವ ಒಡವೆಗೆ ಇನ್ನೂ ಗಟ್ಟಿತನ ಬೇಕು. ಆದ್ದರಿಂದಲೇ ವಜ್ರದ ಉಂಗುರಗಳಲ್ಲಿ ಹೆಚ್ಚಾಗಿ 18 ಕ್ಯಾರೆಟ್, ಅಂದರೆ 750.

ಬಿಡುವಿದ್ದಾಗ ಭೂತಗನ್ನಡಿಯಲ್ಲಿ ಒಂದು ಬಳೆಯ ಒಳಮೈ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916, ಜೊತೆಗೆ ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಕಾಣುತ್ತದೆ. ಈ ಸಂಖ್ಯೆ ಒಂದೊಂದು ಒಡವೆಗೂ ಬೇರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಗಿರಾಕಿಯೇ ಪರೀಕ್ಷಿಸಿಕೊಳ್ಳಬಹುದು.

ಒಂದು ಕಡೆ ಮಾತ್ರ ಎಡವಬೇಡಿ. ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದ ಕ್ಯಾರೆಟ್ ತೂಕ: 200 ಮಿಲಿಗ್ರಾಂ. ಪದದ ಮೂಲ ಪಶ್ಚಿಮದ ಕ್ಯಾರಬ್ ಮರದ ಬೀಜ. ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕದ ಕಲ್ಲಿನ ಕೆಲಸ ಮಾಡುತ್ತಿದ್ದುದು ಕೆಂಪು-ಕಪ್ಪಿನ ಗುಲಗಂಜಿ.