ಹಣ್ಣಿನ ಪರಿಮಳದ ಹಾಪ್ಸ್: ವ್ಯವಹಾರಕ್ಕೆ ಮುನ್ನ ತಿಳಿಯಬೇಕಾದ ಅಂಶಗಳು

ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಎಂಬುದು ಬಳ್ಳಿಯೊಂದರ ಹೆಣ್ಣು ಹೂಗೊಂಚಲು. ಇದರ ಕೆಲವು ತಳಿಗಳಿಂದ, ಹಣ್ಣನ್ನೇ ಹಾಕದೆ, ಕಿತ್ತಳೆ, ಅನಾನಸ್, ಮಾವಿನ ವಾಸನೆ ಬರುತ್ತದೆ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್, ಆನಂತರದ ಸಿಟ್ರಾ, 2012ರ ಮೊಸಾಯಿಕ್, ಆಸ್ಟ್ರೇಲಿಯದ ಗ್ಯಾಲಕ್ಸಿ ಇಂಥವು. ಧಾರವಾಡದ ಆಪೂಸು ಸವಿದವರಿಗೆ ಈ ಹೋಲಿಕೆ ತುಸು ಉದಾರವೆನಿಸಬಹುದು!

ಹಾಪ್ಸ್ ಅನ್ನು ಒಂದು ಗಂಟೆ ಕುದಿಸಿದರೆ ಅದರ ಆಲ್ಫಾ ಆಮ್ಲ ಕಹಿಯಾಗಿ ಮಾರ್ಪಡುತ್ತದೆ. ಪರಿಮಳದ ತೈಲ ಮಾತ್ರ ಆವಿಯಾಗಿ ಹೋಗುತ್ತದೆ. ಆದ್ದರಿಂದ ಇಂಥ ತಳಿಗಳನ್ನು ಕುದಿ ನಿಂತ ಮೇಲೆ, ಇಲ್ಲವೇ ಹುದುಗುವಿಕೆ ಮುಗಿಯುತ್ತ ಬಂದಾಗ ಎರಡು-ಮೂರು ದಿನ ನೆನೆಹಾಕುವುದು ರೂಢಿ. ದುಬಾರಿ ಸಿಟ್ರಾವನ್ನು ಬರೀ ಕಹಿಗಾಗಿ ಕುದಿಸುವುದು ಹಣ ಸುಟ್ಟಂತೆಯೇ ಸರಿ.

ಅಮೆರಿಕದಲ್ಲಿ 1978ರ ಕಾಯ್ದೆಯ ನಂತರ ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್‌ವರೆಗೆ ಸ್ವಂತ ಬಳಕೆಗೆ ಬಿಯರ್ ತಯಾರಿಸಲು ತೆರಿಗೆಯಿಲ್ಲ. ನಮ್ಮಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ತಯಾರಿಕೆ ನಿಷಿದ್ಧ. "ಮನೆ ಬಳಕೆಗೆ ಮಾತ್ರ" ಎಂಬ ಸಮಜಾಯಿಷಿ ನಡೆಯದು. ಆದುದರಿಂದ ಮನೆಯಲ್ಲಿ ಬಿಯರ್ ತಯಾರಿಸುವ ಸಾಮಗ್ರಿಗಳ ಮಾರಾಟಕ್ಕೆ ಇಲ್ಲಿ ಬಂಡವಾಳ ಹೂಡಲು ನಾನು ಯಾರಿಗೂ ಹೇಳಲಾರೆ. ಈ ಹಾಪ್ಸ್‌ಗೆ ಇಲ್ಲಿರುವ ನ್ಯಾಯಸಮ್ಮತ ಗಿರಾಕಿಗಳೆಂದರೆ ಪರವಾನಗಿ ಪಡೆದ ಬ್ರೂವರಿಗಳು ಹಾಗೂ 2010ರ ದಶಕದಿಂದ ಬೆಂಗಳೂರಿನಲ್ಲಿ ಬೆಳೆದುಬಂದ ಮೈಕ್ರೋಬ್ರೂವರಿಗಳು.

ಅಂಥ ಘಟಕ ಸ್ಥಾಪಿಸುವವರು ಲೆಕ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾನವ ಸೇವನೆಯ ಮದ್ಯ ಜಿಎಸ್‌ಟಿ ವ್ಯಾಪ್ತಿಯ ಹೊರಗಿದೆ. ಅದರ ಮೇಲೆ ಅಬಕಾರಿ ಸುಂಕ ಮುಂತಾದ ರಾಜ್ಯದ ತೆರಿಗೆಗಳೇ. ಹೀಗಾಗಿ ಖರೀದಿಯ ಮೇಲೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. 10 ಲಕ್ಷ ರೂ.ಗಳ ಯಂತ್ರಕ್ಕೆ ಶೇ. 18ರಂತೆ ತೆತ್ತ 1.80 ಲಕ್ಷ ರೂ. ನೇರವಾಗಿ ವೆಚ್ಚವೇ. ಸಮಾಧಾನವೆಂದರೆ, ಅದನ್ನು ಯಂತ್ರದ ಮೌಲ್ಯಕ್ಕೆ ಸೇರಿಸಿ ಸವಕಳಿ ಪಡೆಯಬಹುದು. ಯೋಜನಾ ವರದಿಯಲ್ಲಿ ಜಿಎಸ್‌ಟಿ ಬಿಟ್ಟು ದರ ಬರೆದರೆ ದುಡಿಯುವ ಬಂಡವಾಳ ಮೊದಲ ವರ್ಷವೇ ಕೊರತೆ ಬೀಳುತ್ತದೆ.

ಸುಳ್ಳದ ಹೊಲಗಳಲ್ಲೇ ಹಾಪ್ಸ್ ಬೆಳೆಯಬಾರದೇಕೆ? ಈ ಬಳ್ಳಿಗೆ ಬೇಸಿಗೆಯಲ್ಲಿ ದೀರ್ಘ ಹಗಲು, ಚಳಿಗಾಲದಲ್ಲಿ ಕೊರೆಯುವ ಚಳಿ ಬೇಕು. 15 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಇವೆರಡೂ ಇಲ್ಲ. ಭಾರತದಲ್ಲಿ ಇದು ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಹಣ್ಣಿನ ಪರಿಮಳದ ತಳಿಗಳಿಗಂತೂ ಆಮದೇ ಗತಿ. ಗಾಳಿ, ಬೆಳಕು, ಶಾಖ ಮೂರೂ ಇದರ ಪರಿಮಳವನ್ನು ಕೆಡಿಸುತ್ತವೆ. ಕೊಳ್ಳುವಾಗ ಚೀಟಿಯ ಮೇಲೆ ಕೊಯ್ಲಿನ ವರ್ಷ ನೋಡಿರಿ. ಗಾಳಿಯಾಡದ ಪೊಟ್ಟಣದಲ್ಲಿ, ಶೈತ್ಯದಲ್ಲಿ ಸಾಗಿಸುವ ಖರ್ಚನ್ನೂ ದರದಲ್ಲಿ ಸೇರಿಸಿಕೊಳ್ಳಿರಿ.